ಸೀಸವೂ ಉಬ್ಬಸವೂ

ಅಂಬೆಗಾಲಿಡುವ ಕೂಸಿಗೆ ಲೋಕದ ಪರಿಚಯವಾಗುವುದು ಬಹುಮಟ್ಟಿಗೆ ಬಾಯಿಯ ಮೂಲಕ. ನೆಲವನ್ನು ಮುಟ್ಟಿದ ಕೈಯೂ ಕೈಗೆ ಸಿಕ್ಕಿದ ಆಟಿಕೆಯೂ ಮರುಕ್ಷಣವೇ ಬಾಯಿಯನ್ನು ಸೇರುತ್ತವೆ. ಮನೆಯ ಬಾಗಿಲು ಕಿಟಕಿಗಳ ಹಳೆಯ ಬಣ್ಣದಲ್ಲಿ ಸೀಸವಿದ್ದು, ಆ ಬಣ್ಣ ಹಕ್ಕಳೆಯೆದ್ದು ಉದುರುತ್ತಿದ್ದರೆ, ಧೂಳಿನೊಡನೆ ಸೀಸವೂ ಕೂಸಿನ ಹೊಟ್ಟೆಗೆ ಹೋಗುತ್ತದೆ. ನುಂಗಿದ ಸೀಸವನ್ನು ಎಳೆಯ ಮಕ್ಕಳ ದೇಹವು ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳಬಲ್ಲುದು. ಕ್ಯಾಲ್ಸಿಯಮ್ಮನ್ನು ಹೇಗೋ ಹಾಗೆಯೇ ಅದನ್ನೂ ಎಲುಬುಗಳಲ್ಲಿಯೂ ಹಲ್ಲುಗಳಲ್ಲಿಯೂ ಕೂಡಿಡುತ್ತದೆ.

ಹೀಗೆ ಎಳೆತನದಲ್ಲಿ ಮೈಸೇರಿದ ಸೀಸವು ಮುಂದೆ ಉಬ್ಬಸಕ್ಕೆ, ಅಂದರೆ ಆಸ್ತಮಾ ರೋಗಕ್ಕೆ, ಕಾರಣವಾಗುವುದೆ? ಸಂದೇಹಕ್ಕೆ ಆಧಾರವಿಲ್ಲದೆ ಇಲ್ಲ. ಒಗ್ಗದಿಕೆಯ ರೋಗಗಳಲ್ಲಿ ಏರುವ ಐಜಿಇ ಎಂಬ ಪ್ರತಿಕಾಯವು, ರಕ್ತದಲ್ಲಿ ಸೀಸ ಹೆಚ್ಚಾಗಿರುವ ಮಕ್ಕಳಲ್ಲಿ ಹೆಚ್ಚಾಗಿರುವುದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಸೀಸಕ್ಕೂ ಉಬ್ಬಸಕ್ಕೂ ನೇರವಾದ ನಂಟನ್ನು ಹುಡುಕಿದಾಗ ಕೆಲವರಿಗೆ ಅದು ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಣ್ಣ ಉದುರುವ ಮನೆಯಲ್ಲಿಯೇ ಗೋಡೆಯ ತೇವವೂ ಬೂಷ್ಟೂ ಒಲೆಯ ಹೊಗೆಯೂ ಜಿರಲೆಗಳೂ ಇರುತ್ತವೆ; ಇವೆಲ್ಲವೂ ಉಬ್ಬಸವನ್ನು ಕೆರಳಿಸತಕ್ಕವೇ. ಇವುಗಳ ನಡುವೆ ಸೀಸದ ಪಾಲು ಎಷ್ಟೆಂದು ಬೇರ್ಪಡಿಸುವುದು ಸುಲಭವಲ್ಲ. ಮೇಲಾಗಿ, ರಕ್ತಪರೀಕ್ಷೆಯು ಮುಖ್ಯವಾಗಿ ಇತ್ತೀಚಿನ ವಾರಗಳಲ್ಲಿ ಸೇರಿದ ಸೀಸವನ್ನು ತೋರಿಸುತ್ತದೆಯೇ ಹೊರತು ಶೈಶವದ ಪೂರ್ತಿ ಲೆಕ್ಕವನ್ನಲ್ಲ. ಆದುದರಿಂದ ಸೀಸವೇ ಉಬ್ಬಸಕ್ಕೆ ಕಾರಣವೆಂಬ ಮಾತು ಇನ್ನೂ ಸಿದ್ಧಪಟ್ಟಿಲ್ಲ. ಸಿದ್ಧಪಡದ ಮಾತನ್ನು ಸಿದ್ಧವಾಯಿತೆಂದು ಹೇಳಿ ತಾಯಂದಿರನ್ನು ಹೆದರಿಸುವುದು ವಿಜ್ಞಾನಕ್ಕೆ ಗೌರವ ತರುವ ಕೆಲಸವಲ್ಲ.

ಆದರೆ ಇದಕ್ಕೆ ಎದುರಾದ ಇನ್ನೊಂದು ತಪ್ಪು ಇದೆ; ಅದು ಇದಕ್ಕಿಂತಲೂ ದೊಡ್ಡದೆಂದು ನಮ್ಮ ಅಭಿಪ್ರಾಯ. ಸಿದ್ಧಪಟ್ಟಿಲ್ಲ, ಆದುದರಿಂದ ಸುಮ್ಮನಿರೋಣ ಎನ್ನುವುದೇ ಆ ತಪ್ಪು. ಅದರ ಬೆಲೆಯನ್ನು ಪೆಟ್ರೋಲಿನ ಚರಿತ್ರೆಯಲ್ಲಿ ಓದಬಹುದು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿ ಎಂಜಿನ್ನಿನ ಬಡಿತವನ್ನು ನಿಲ್ಲಿಸಿದನು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಹುಚ್ಚೆದ್ದು ಸತ್ತರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮೊದಲಾದವರು ಎಚ್ಚರಿಸಿದರು. ಆದರೂ ನಿಷೇಧಿಸಲು ಸಾಕಷ್ಟು ಕಾರಣವಿಲ್ಲವೆಂದು 1926ರಲ್ಲಿ ಸರ್ಕಾರಿ ಸಮಿತಿಯೊಂದು ತೀರ್ಮಾನಿಸಿತು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಮತ್ತು ಅವರ ಸಂಗಡಿಗರು ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಪರೀಕ್ಷಿಸಿದರು. ಹಲ್ಲಿನಲ್ಲಿ ಸೀಸ ಹೆಚ್ಚಾಗಿದ್ದ ಮಕ್ಕಳಿಗೆ ಕಾಯಿಲೆಯ ಲಕ್ಷಣವೊಂದೂ ಇರಲಿಲ್ಲ. ಆದರೂ ಅವರ ಬುದ್ಧಿಶಕ್ತಿಯೂ ಏಕಾಗ್ರತೆಯೂ ಕುಂದಿದ್ದುವು.

ನಮ್ಮ ದೇಶವೂ ಈ ಬೆಲೆಯನ್ನು ತೆತ್ತಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ಭಾರತದ ದೊಡ್ಡ ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ 100 ಮಿಲಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸವಿತ್ತು. 2000ನೆಯ ಇಸವಿಯಲ್ಲಿ ಸೀಸದ ಪೆಟ್ರೋಲು ದೇಶದಿಂದ ತೊಲಗಿತು. ಕೊನೆಯದಾಗಿ ಆಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ. ಮೊದಲ ಪ್ರಯೋಗಕ್ಕೂ ಕೊನೆಯ ನಿಷೇಧಕ್ಕೂ ನಡುವೆ ನೂರು ವರ್ಷಗಳು ಕಳೆದುವು.

ಉಬ್ಬಸದ ಪ್ರಶ್ನೆ ಇತ್ಯರ್ಥವಾಗುವವರೆಗೆ ಕಾಯಬೇಕಾದ ಅಗತ್ಯವೇ ಇಲ್ಲ. ಸೀಸವು ಮಕ್ಕಳ ಮಿದುಳನ್ನು ಕೆಡಿಸುತ್ತದೆಂಬುದು ನಿಸ್ಸಂದೇಹವಾಗಿದೆ. ನಿರಪಾಯವೆನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸವನ್ನು ದೂರವಿಡಲು ಇದೊಂದೇ ಕಾರಣ ಸಾಲದೆ? ಮುಂದೆ ಉಬ್ಬಸದ ನಂಟೂ ಸಿದ್ಧಪಟ್ಟರೆ ಲಾಭ ಇಮ್ಮಡಿಯಾಗುವುದು; ಸಿದ್ಧಪಡದಿದ್ದರೆ ನಷ್ಟವೇನೂ ಇಲ್ಲ.

2017ರ ನವೆಂಬರ್ ತಿಂಗಳಿನಿಂದ ನಮ್ಮಲ್ಲಿ ಮನೆಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ ಜಾರಿಯಲ್ಲಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ನಿಯಮವು ಹೊಸ ಡಬ್ಬಿಗೆ ಅನ್ವಯಿಸುತ್ತದೆ, ಹಳೆಯ ಗೋಡೆಗೆ ಅನ್ವಯಿಸುವುದಿಲ್ಲ. ಅಂಗನವಾಡಿಗಳ ಮತ್ತು ಪ್ರಾಥಮಿಕ ಶಾಲೆಗಳ ಹಳೆಯ ಬಣ್ಣವನ್ನು ಸರ್ಕಾರವು ಪರೀಕ್ಷೆಮಾಡಿಸಬೇಕು. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಕೇರಿಗಳಲ್ಲಿ ಮಕ್ಕಳ ರಕ್ತಪರೀಕ್ಷೆ ಮೊದಲು ನಡೆಯಬೇಕು. ಗೃಹಸ್ಥರು ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸದೆ ಒದ್ದೆಮಾಡಿ ತೆಗೆಯಿಸಲಿ. ಆ ಹೊತ್ತಿನಲ್ಲಿ ಮಕ್ಕಳನ್ನು ಬೇರೆಡೆಗೆ ಕಳುಹಿಸಲಿ. ನೆಲವನ್ನು ಒದ್ದೆಬಟ್ಟೆಯಿಂದ ಒರೆಸುವುದೂ ಉಣ್ಣುವ ಮುನ್ನ ಮಕ್ಕಳ ಕೈ ತೊಳೆಯುವುದೂ ಯಾವ ಖರ್ಚೂ ಇಲ್ಲದ ಕೆಲಸಗಳು. ಕಬ್ಬಿಣಾಂಶ ಕಡಿಮೆಯಾದ ದೇಹ ಸೀಸವನ್ನು ಹೆಚ್ಚಾಗಿ ಹೀರುವುದರಿಂದ ಸೊಪ್ಪು, ಕಾಳುಗಳ ಊಟವೂ ಒಂದು ರಕ್ಷಣೆಯೇ. ಉಬ್ಬಸವಿರುವ ಮಗುವಿಗೆ ಮಾತ್ರ ವೈದ್ಯರು ಹೇಳಿದ ಔಷಧವನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ಸಂಶೋಧಕರು ತಮ್ಮ ಸಂದೇಹವನ್ನು ನಿಧಾನವಾಗಿಯೇ ಬಗೆಹರಿಸಿಕೊಳ್ಳಲಿ. ಅದು ಅವರ ಧರ್ಮ. ಆದರೆ ಕೂಸು ಅಂಬೆಗಾಲಿಡುವುದು ಕೆಲವೇ ತಿಂಗಳು. ಅದರ ನೆಲವನ್ನು ಚೊಕ್ಕಟವಾಗಿಡುವ ಹೊಣೆ ನಮ್ಮದು.