ನಿರ್ಣಯಕ್ಕೆ ಮುನ್ನ ವಿಚಾರ

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ನಾಲ್ಕು ಹಂತಗಳನ್ನು ಹೇಳುತ್ತದೆ: ಅವಗ್ರಹ, ಈಹಾ, ಅವಾಯ, ಧಾರಣಾ. ಎರೆಹೊಲದ ಆಚೆ ಬೆಳ್ಳಗೆ ಏನೋ ಕಂಡರೆ ಅದು ಅವಗ್ರಹ. ಕೊಕ್ಕರೆ ಇರಬಹುದೇ ಎಂದು ಲಕ್ಷಣಗಳನ್ನು ಅರಸುವುದು ಈಹಾ. ರೆಕ್ಕೆ ಬಡಿದು ಮೇಲೆದ್ದಾಗ ಕೊಕ್ಕರೆಯೇ ಎಂದು ನಿಶ್ಚಯಿಸುವುದು ಅವಾಯ. ಆ ನಿಶ್ಚಯವನ್ನು ಮರೆಯದೆ ಉಳಿಸಿಕೊಳ್ಳುವುದು ಧಾರಣಾ.

ದೊಡ್ಡ ಅವಘಡ ಸಂಭವಿಸಿದಾಗ ಲೋಕವು ಈಹಾ ಎಂಬ ಹಂತವನ್ನೇ ಬಿಟ್ಟುಬಿಡುತ್ತದೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಪತನಗೊಂಡು 260 ಜನ ಮಡಿದರು. ಒಂದು ತಿಂಗಳ ನಂತರ ಪ್ರಾಥಮಿಕ ವರದಿ ಬಂದಿತು. ಇಂಧನದ ಸ್ವಿಚ್ಚುಗಳು ಬಂದ್ ಸ್ಥಿತಿಗೆ ಹೋದುದನ್ನೂ, ಏಕೆ ಬಂದ್ ಮಾಡಿದಿರೆಂದು ಒಬ್ಬ ಪೈಲಟ್ ಕೇಳಿದಾಗ ಇನ್ನೊಬ್ಬರು ತಾವು ಮಾಡಿಲ್ಲವೆಂದುದನ್ನೂ ಅದು ದಾಖಲಿಸಿತು, ಯಾರನ್ನೂ ದೋಷಿಯೆನ್ನಲಿಲ್ಲ. ಆದರೂ ಮಡಿದ ಪೈಲಟ್‌ಗೆ ಅಪರಾಧಿಯ ಪಟ್ಟ ಕಟ್ಟುವ ಮಾತುಗಳು ದೇಶದಲ್ಲೆಲ್ಲ ಹರಿದಾಡಿದವು. ಉತ್ತರಿಸಲು ಅವರಿಲ್ಲ, ಕೇಳಿ ಬೇಯಲು ಮನೆಯವರಿದ್ದಾರೆ. ಹೀಗೆ ಆಧಾರವಿಲ್ಲದೆ ದೋಷ ಹೊರಿಸುವುದನ್ನು ಜೈನಶಾಸ್ತ್ರವು ‘ಅಭ್ಯಾಖ್ಯಾನ’ ಎಂದು ಕರೆದು ಪಾಪವೆಂದು ಎಣಿಸಿದೆ.

ತಾಳ್ಮೆಯೆಂದರೆ ತಪ್ಪನ್ನು ಮುಚ್ಚಿಡುವುದಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ದುರಂತವನ್ನು ನೆನೆಯಬಹುದು. ಗುಡ್ಡದ ಮೇಲಿನ ರನ್‌ವೇಯೇ ಕಾರಣವೆಂಬ ಮಾತು ಅಂದು ಎಲ್ಲೆಡೆ ಕೇಳಿಬಂದಿತ್ತು. ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಬೇರೆಯದನ್ನು ಕಂಡಿತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ವಿಮಾನವು ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತ್ತು. ಇಳಿಯದೆ ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದರು. ಇಳಿಯುವುದನ್ನು ಕೈಬಿಡದ ಕ್ಯಾಪ್ಟನ್ನರ ಲೋಪವನ್ನು ತನಿಖೆ ಸ್ಪಷ್ಟವಾಗಿಯೇ ಹೇಳಿತು. ಅವರು ಹಾರಾಟದ ನಡುವೆ ದೀರ್ಘಕಾಲ ನಿದ್ರಿಸಿದ್ದುದನ್ನೂ, ಅಂದು ರಾಡಾರ್ ಸೇವೆ ಇಲ್ಲದಿದ್ದುದನ್ನೂ ಜೊತೆಗೇ ಗುರುತಿಸಿತು.

ಅನೇಕಾಂತದ ದೃಷ್ಟಿ ಇದೇ. ಎಲ್ಲರೂ ಸರಿ ಎನ್ನುವುದು ಅನೇಕಾಂತವಲ್ಲ. ಒಂದು ಮುಖವನ್ನೇ ಪೂರ್ಣವಸ್ತುವೆಂದು ಹಿಡಿಯದಿರುವುದು ಅನೇಕಾಂತ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮವೂ ಇಂತಹ ತನಿಖೆಯ ಗುರಿ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ದೋಷ ಹಂಚುವುದಲ್ಲ ಎನ್ನುತ್ತದೆ. ಕಲಿತ ಪಾಠವನ್ನು ಉಳಿಸಿಕೊಳ್ಳುವುದೇ ಧಾರಣಾ. ಸುಳ್ಳು ಕಾರಣವನ್ನು ನಂಬಿ ನಿಶ್ಚಿಂತರಾದರೆ ನಿಜವಾದ ಕಾರಣ ಉಳಿದುಕೊಂಡು ಮತ್ತಷ್ಟು ಜೀವಗಳನ್ನು ಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಸತ್ಯವ್ರತದ ಭಂಗವು ಅಹಿಂಸೆಯ ಭಂಗವೂ ಆಗುತ್ತದೆ.

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಮೊಬೈಲ್ ಇಲ್ಲದ ಮನೆಯೂ ವಿರಳ. ಬಂದ ಸಂದೇಶವನ್ನು ಮುಂದಕ್ಕೆ ಕಳಿಸುವ ಮುನ್ನ ಶ್ರಾವಕನು ಕೇಳಿಕೊಳ್ಳಬೇಕಾದುದು ಇಷ್ಟೇ: ಇದು ಕಂಡದ್ದೋ, ವಿಚಾರಿಸಿದ್ದೋ, ನಿರ್ಣಯವಾದದ್ದೋ? ಅಂತಿಮ ವರದಿ ಬೇಗ ಬರಲಿ, ಅದರ ಶಿಫಾರಸುಗಳು ಜಾರಿಯಾಗಲಿ ಎಂದು ಒತ್ತಾಯಿಸುವುದು ನಾಗರಿಕನ ಹಕ್ಕು. ಅಲ್ಲಿಯವರೆಗೆ ಮಡಿದವರ ಹೆಸರನ್ನು ಕೆಡಿಸದಿರುವುದು ಗೃಹಸ್ಥನ ಧರ್ಮ. ಸಂಜೆಯ ಪ್ರತಿಕ್ರಮಣದಲ್ಲಿ ಆಡಿದ ಮಾತಿನ ಜೊತೆಗೆ ಬೆರಳು ಒತ್ತಿ ಕಳಿಸಿದ ಮಾತೂ ಲೆಕ್ಕಕ್ಕೆ ಬರಲಿ.