ಹೊರದೇಶದಲ್ಲಿ ಓದುತ್ತಿರುವ ಮಕ್ಕಳಿಗೆ ಹಣ ಕಳುಹಿಸುವ ಖರ್ಚು ತಗ್ಗಿಸುವಂತೆ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ಮಟ್ಟದ ಬ್ಯಾಂಕುಗಳ ಸಲಹಾ ಸಮಿತಿ, ಹಾವೇರಿ.

ಇವರಿಂದ,
ಹೊರದೇಶದಲ್ಲಿ ಮಕ್ಕಳನ್ನು ಓದಿಸುತ್ತಿರುವ ಪಾಲಕರು,
ಹೊಸರಿತ್ತಿ ಹಾಗೂ ಸುತ್ತಲಿನ ಗ್ರಾಮಗಳು, ಹಾವೇರಿ ತಾಲ್ಲೂಕು.

ಮಾನ್ಯರೇ,

ಈ ಜಿಲ್ಲೆಯ ಸಾಮಾನ್ಯ ಮನೆತನಗಳ ಮಕ್ಕಳು ವೈದ್ಯಕೀಯ ಓದಿಗೆ ಎಲ್ಲೆಲ್ಲಿಗೆ ಹೋಗುತ್ತಾರೆ ಎಂಬುದು ನಾಡಿಗೆ ತಿಳಿದದ್ದು 2022ರ ಮಾರ್ಚ್ 1ರಂದು. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಗ್ಯಾನಗೌಡರ ಅಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದರು. ಇಲ್ಲಿಯ ಖಾಸಗಿ ಕಾಲೇಜಿನ ಸೀಟು ಕೈಗೆಟುಕದೆ ಮಕ್ಕಳನ್ನು ಅಷ್ಟು ದೂರ ಕಳುಹಿಸುವ ಪಾಲಕರ ಪಾಡು ಇಂದಿಗೂ ಬದಲಾಗಿಲ್ಲ. ಉಕ್ರೇನ್ ಬದಲು ಜಾರ್ಜಿಯಾ, ಕಜಕಸ್ತಾನ, ಕಿರ್ಗಿಸ್ತಾನ ಎನ್ನುತ್ತೇವೆ, ಅಷ್ಟೇ.

ನಮ್ಮ ಕೈಗೆ ರೊಕ್ಕ ಬರುವುದು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೋದಾಗ, ಅಂದರೆ ಜನವರಿಯಿಂದ ಏಪ್ರಿಲ್‌ವರೆಗೆ. ಫೀ ಕಟ್ಟುವ ಗಡುವು ಬರುವುದು ಸೆಪ್ಟೆಂಬರ್ ಹೊತ್ತಿಗೆ. ಹೆಚ್ಚಿನವರು ಕೈಗಡ ತಂದೇ ಕಟ್ಟುತ್ತೇವೆ. ಆ ರೊಕ್ಕದಲ್ಲಿ ದಾರಿಯಲ್ಲೇ ಎಷ್ಟು ಸೋರುತ್ತದೆ ಎಂಬುದು ಕಳುಹಿಸುವವರಿಗೇ ತಿಳಿಯದಿರುವುದು ನಮ್ಮ ಮುಖ್ಯ ದೂರು.

ಬ್ಯಾಂಕಿನ ಕೌಂಟರಿನಲ್ಲಿ ಖರ್ಚೆಷ್ಟು ಎಂದು ಕೇಳಿದರೆ ಚಾರ್ಜು ಮತ್ತು ಜಿಎಸ್‌ಟಿ ಮಾತ್ರ ಹೇಳುತ್ತಾರೆ. ಎರಡು ಲಕ್ಷ ರೂಪಾಯಿಯನ್ನು ಡಾಲರಿಗೆ ಬದಲಾಯಿಸುವುದಕ್ಕೆ ಬೀಳುವ ಜಿಎಸ್‌ಟಿ 270 ರೂಪಾಯಿ. ಅದಕ್ಕೆ ನಮ್ಮ ತಕರಾರಿಲ್ಲ. ದೊಡ್ಡ ಪೆಟ್ಟು ಇರುವುದು ದರದಲ್ಲಿ. ಆ ದಿನದ ಪೇಟೆ ದರಕ್ಕಿಂತ ಡಾಲರಿಗೆ ಒಂದೂವರೆ ರೂಪಾಯಿ ಹೆಚ್ಚು ಹಿಡಿದರೆ ಎರಡು ಸಾವಿರ ಡಾಲರಿಗೆ ಮೂರು ಸಾವಿರ ರೂಪಾಯಿ ಹೋಯಿತು. ಇದು ಯಾವ ರಸೀದಿಯಲ್ಲೂ ಚಾರ್ಜು ಎಂದು ಕಾಣುವುದಿಲ್ಲ. ನಡುವಿನ ವಿದೇಶಿ ಬ್ಯಾಂಕು ತನ್ನ ಪಾಲು ಮುರಿದುಕೊಳ್ಳುವುದು ಬೇರೆ. ನಮ್ಮಲ್ಲೊಬ್ಬರ ಮಗಳ ಫೀ 30 ಡಾಲರ್ ಕಡಿಮೆ ತಲುಪಿ, ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಬಾಕಿ ಎಂದು ನಿಂತಿತು. ಆ 30 ಡಾಲರ್ ಕಳುಹಿಸಲು ಮತ್ತೆ ಎ2 ಫಾರ್ಮ್ ತುಂಬಿ, ಮತ್ತೆ ಪೂರ್ತಿ ಚಾರ್ಜು ಕಟ್ಟಬೇಕಾಯಿತು. ಎಲ್ಲ ಶುಲ್ಕವನ್ನೂ ಕಳುಹಿಸುವವರೇ ಭರಿಸಿ ಪೂರ್ತಿ ಮೊತ್ತ ತಲುಪಿಸುವ ಆಯ್ಕೆ ಫಾರ್ಮಿನಲ್ಲೇ ಇತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಇದು: ಸಹಿ ಹಾಕಿಸುವ ಮುನ್ನ ಪ್ರತಿ ಬ್ಯಾಂಕೂ ಕನ್ನಡದಲ್ಲಿ ಒಂದು ಚೀಟಿ ಕೊಡಬೇಕು. ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಕಡಿತ, ಆ ಕ್ಷಣದ ಪೇಟೆ ದರ ಎಷ್ಟು, ಬ್ಯಾಂಕು ಹಿಡಿದ ದರ ಎಷ್ಟು, ಆಚೆ ಎಷ್ಟು ಡಾಲರ್ ತಲುಪುತ್ತದೆ ಎಂಬುದು ಅದರಲ್ಲಿರಬೇಕು. ಇವು ಗೊತ್ತಾದರೆ ಯಾವ ಬ್ಯಾಂಕು ಅಗ್ಗ ಎಂಬುದನ್ನು ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ. ಸಂತೆಯಲ್ಲಿ ದರ ಕೇಳದೆ ಯಾರೂ ಚೀಲ ಬಿಚ್ಚುವುದಿಲ್ಲ.

ಎರಡನೆಯದು ಓಡಾಟದ ಮಾತು. ಊರಿನ ಶಾಖೆಗಳಲ್ಲಿ ವಿದೇಶಿ ವಿನಿಮಯದ ಕೆಲಸ ಇಲ್ಲವೆಂದು ನಮ್ಮನ್ನು ಹುಬ್ಬಳ್ಳಿಗೆ ಕಳುಹಿಸುತ್ತಾರೆ. ಕಾಗದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ದರ ಬದಲಾಗಿರುತ್ತದೆ. ಹಾವೇರಿ ಮತ್ತು ರಾಣೆಬೆನ್ನೂರಿನಲ್ಲಿ ತಲಾ ಒಂದು ಶಾಖೆಯನ್ನಾದರೂ ಈ ಕೆಲಸಕ್ಕೆ ಗೊತ್ತುಪಡಿಸಿ, ಅರ್ಜಿ ಕೊಟ್ಟ ದಿನವೇ ದರ ನಿಗದಿಯಾಗುವಂತೆ ಮಾಡಬೇಕು. 2019ರ ಆಗಸ್ಟ್‌ನಿಂದ ಇರುವ ಎಫ್‌ಎಕ್ಸ್-ರಿಟೇಲ್ ವೇದಿಕೆಯಲ್ಲಿ ಸಾಮಾನ್ಯ ಗ್ರಾಹಕರೂ ಪೇಟೆ ದರ ನೋಡಿಕೊಂಡು ಡಾಲರ್ ಕೊಳ್ಳಬಹುದು. ಅದಕ್ಕೆ ನಮ್ಮನ್ನು ನೋಂದಾಯಿಸಿಕೊಡಲು ಶಾಖೆಗಳಿಗೆ ಸೂಚಿಸಬೇಕು.

ತೆರಿಗೆಯ ವಿಷಯದಲ್ಲಿ ಹಬ್ಬಿರುವ ಹೆದರಿಕೆಯನ್ನೂ ತಾವು ಬಿಡಿಸಬೇಕು. 2025ರ ಏಪ್ರಿಲ್ 1ರಿಂದ, ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಕಳುಹಿಸುವ ಹಣ 10 ಲಕ್ಷ ರೂಪಾಯಿ ದಾಟುವವರೆಗೆ ಟಿಸಿಎಸ್ ಇಲ್ಲ. ದಾಟಿದ ಮೇಲೆ ಹಿಡಿದದ್ದನ್ನೂ ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದನ್ನು ಮರಳಿ ಪಡೆಯಬಹುದು. ಇದು ತಿಳಿಯದ ಪಾಲಕರಿಗೆ ‘ನೂರಕ್ಕೆ ಇಪ್ಪತ್ತು ಹೋಗುತ್ತದೆ, ನಗದು ನಮಗೆ ಕೊಡಿ, ಅಲ್ಲಿ ಮುಟ್ಟಿಸುತ್ತೇವೆ’ ಎನ್ನುವ ದಲ್ಲಾಳಿಗಳಿದ್ದಾರೆ. ಅದು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಗೆ ವಿರುದ್ಧವಾದ ದಾರಿ. ರೊಕ್ಕ ಮುಳುಗಿದರೆ ದೂರು ಕೊಡಲೂ ಬಾಯಿಲ್ಲ. ಬರುವ ಫೀ ಗಡುವಿಗೆ ಮುನ್ನ ಹೊಸರಿತ್ತಿ ಮತ್ತು ಗುತ್ತಲದಲ್ಲಿ ಲೀಡ್ ಬ್ಯಾಂಕಿನಿಂದ ತಿಳುವಳಿಕೆ ಶಿಬಿರ ನಡೆಸಬೇಕು.

ಗಡಿ ದಾಟುವ ಹಣದ ಖರ್ಚನ್ನು 2030ರೊಳಗೆ ನೂರಕ್ಕೆ ಮೂರಕ್ಕಿಂತ ಕೆಳಗೆ ತರುವುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೊಂದು. ಅದು ದುಡಿಯಲು ಹೋದವರು ಮನೆಗೆ ಕಳುಹಿಸುವ ಹಣದ ಮಾತು, ನಮ್ಮದು ಮನೆಯಿಂದ ಹೋಗುವ ಹಣ. ಆದರೂ ಅದೇ ಅಳತೆಗೋಲನ್ನು ನಮಗೂ ಹಚ್ಚಬೇಕೆಂದು ಕೇಳುತ್ತೇವೆ.

ಈ ಬೇಡಿಕೆಗಳನ್ನು ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ಕೈಗೊಂಡ ನಿರ್ಣಯವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದ ಪಾಲಕರು)
ಸ್ಥಳ: ಹೊಸರಿತ್ತಿ

ಪ್ರತಿ: ಲೀಡ್ ಬ್ಯಾಂಕ್ ವ್ಯವಸ್ಥಾಪಕರು, ಹಾವೇರಿ, ಪ್ರಾದೇಶಿಕ ನಿರ್ದೇಶಕರು, ಭಾರತೀಯ ರಿಸರ್ವ್ ಬ್ಯಾಂಕ್, ಬೆಂಗಳೂರು.