ಸಿ ಡ್ರೈವ್ ನಿಮ್ಮ ಮನೆಯಲ್ಲ

ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದು ಹೈದರಾಬಾದಿನ ಯಾವ ರಿಪೇರಿ ಅಂಗಡಿಗೆ ಹೋದರೂ ಕೌಂಟರಿನಾಚೆಯ ಹುಡುಗ ಕೇಳುವ ಪ್ರಶ್ನೆ ಒಂದೇ: "ಸಿ ಮೇಂ ಡೇಟಾ ಹೈ ಕ್ಯಾ, ಸಾಬ್?" ಇಲ್ಲ ಎಂದರೆ ಕೆಲಸ ಒಂದೆರಡು ಗಂಟೆಯದು. ಫಾರ್ಮ್ಯಾಟ್ ಮಾಡಿ, ಹೊಸ ವಿಂಡೋಸ್ ಹಾಕಿ ಕೈಗಿಡುತ್ತಾನೆ. ಹೌದು ಎಂದರೆ ಅವನ ಮುಖ ಬದಲಾಗುತ್ತದೆ, ಗಿರಾಕಿಯ ಮುಖವೂ ಬದಲಾಗುತ್ತದೆ. ಮಗಳ ಮದುವೆಯ ಫೋಟೋ, ಮನೆಯ ಪತ್ರಗಳ ಸ್ಕ್ಯಾನು, ಅರ್ಧ ಬರೆದ ಪುಸ್ತಕ ಎಲ್ಲವೂ ಕೆಟ್ಟುಹೋದ ಆ ವಿಂಡೋಸಿನ ಜೊತೆಯಲ್ಲೇ, ಅದೇ ಸಿ ಡ್ರೈವಿನಲ್ಲಿ ಕೂತಿರುತ್ತವೆ.

ಇದನ್ನು ದುರದೃಷ್ಟ ಎಂದು ಕರೆಯುವುದು ರೂಢಿ. ಆದರೆ ಇದು ಕಂಪ್ಯೂಟರನ್ನು ಮಾರುವ ರೀತಿಯಲ್ಲೇ ಇರುವ ತಪ್ಪು. ಆಪರೇಟಿಂಗ್ ಸಿಸ್ಟಂ ಬದಲಾಗುವ ವಸ್ತು. ಅದು ಅಪ್‌ಡೇಟ್ ಆಗುತ್ತದೆ, ವೈರಸ್ ತಗುಲಿಸಿಕೊಳ್ಳುತ್ತದೆ, ಕೆಡುತ್ತದೆ, ಕೊನೆಗೆ ಅದರ ಆಯುಸ್ಸೂ ಮುಗಿಯುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಕಡತಗಳಿಗೆ ಅಂಥ ತಾರೀಖಿಲ್ಲ. ಇಂದಲ್ಲ ನಾಳೆ ಅಳಿಸಲೇಬೇಕಾದ್ದನ್ನೂ ಎಂದೂ ಅಳಿಸಬಾರದ್ದನ್ನೂ ಒಂದೇ ಕಡೆ ಇಡುವುದೆಂದರೆ ಬಾಡಿಗೆ ಮನೆಯ ಗೋಡೆಯೊಳಗೆ ಒಡವೆ ಹೂತಿಟ್ಟಂತೆ.

ಈ ತಿಳಿವಳಿಕೆ ಹೊಸದೇನಲ್ಲ. ಯುನಿಕ್ಸ್ ಮತ್ತು ಲಿನಕ್ಸ್ ಲೋಕದಲ್ಲಿ ಬಳಕೆದಾರರ ಕಡತಗಳಿಗೆ 'ಹೋಮ್' ಎಂಬ ಬೇರೆ ಜಾಗವಿದೆ. ಅದನ್ನು ಬೇರೆ ಡಿಸ್ಕಿನಲ್ಲಿಟ್ಟು, ಸಿಸ್ಟಮ್ಮನ್ನು ಮಾತ್ರ ಅಳಿಸಿ ಹಾಕಿಕೊಳ್ಳುವುದು ಅಲ್ಲಿ ಹಳೆಯ ಅಭ್ಯಾಸ. ನಮ್ಮ ಅಸೆಂಬಲ್ ಮಾಡುವ ಹುಡುಗರೂ ಒಂದು ಕಾಲಕ್ಕೆ ಯಾರ ಉಪದೇಶವಿಲ್ಲದೆ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ, "ನಿಮ್ಮದೆಲ್ಲ ಡಿಯಲ್ಲಿಡಿ" ಎನ್ನುತ್ತಿದ್ದರು. ಈಗಿನ ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ ಒಂದೇ ಸಿ ಹೊತ್ತು ಬರುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವೂ ಅದರಲ್ಲೇ. ಬೇರೆ ದಾರಿ ಇದೆ ಎಂದು ಯಾರೂ ಹೇಳುವುದಿಲ್ಲ.

ಆದರೆ ಹಳೆಯ ಡಿ ಡ್ರೈವನ್ನೂ ಅತಿಯಾಗಿ ನಂಬಬೇಕಿಲ್ಲ. ಅದು ಒಂದೇ ಡಿಸ್ಕಿನ ಮೇಲೆ ಎಳೆದ ಗೆರೆ. ಫಾರ್ಮ್ಯಾಟಿನಿಂದ ಕಾಪಾಡೀತು, ಡಿಸ್ಕೇ ಸತ್ತರೆ ಕಾಪಾಡದು. ಬೇಕಾದದ್ದು ಕೈಯಲ್ಲಿ ಬಿಚ್ಚಿ ತೆಗೆಯಬಹುದಾದ ಎರಡನೆಯ ಡಿಸ್ಕ್. ಸಿಕಂದರಾಬಾದಿನ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಒಂದು ಸುತ್ತು ಹಾಕಿದರೆ ಸಿಗುವ ವಸ್ತು ಅದು. ಡೆಸ್ಕ್‌ಟಾಪಿಗೆ ಒಳಗೇ ಕೂರುತ್ತದೆ, ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸಬಹುದು.

"ಹಾಗೆ ಬೇರೆ ಇಟ್ಟವರೇ ಕಳೆದುಕೊಂಡರಲ್ಲ?" ಎಂದು ಕೆಲವರು 2018ನ್ನು ನೆನಪಿಸುತ್ತಾರೆ. ನೆನಪಿಸಲೇಬೇಕು. ಆ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1809 ಅಪ್‌ಡೇಟ್ ಕೆಲವರ ಡಾಕ್ಯುಮೆಂಟುಗಳನ್ನೂ ಫೋಟೋಗಳನ್ನೂ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದರ ವಿತರಣೆ ನಿಲ್ಲಿಸಿತು. ಕಂಪನಿಯೇ ಕೊಟ್ಟ ವಿವರಣೆ ಹೀಗಿತ್ತು: ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳನ್ನು ಬೇರೆ ಜಾಗಕ್ಕೆ ತಿರುಗಿಸಿದವರಲ್ಲಿ, ಹಳೆಯ ಜಾಗದಲ್ಲಿ ಉಳಿದ ಫೋಲ್ಡರನ್ನು ಬೇಡದ ನಕಲೆಂದು ತಿಳಿದು ಅಪ್‌ಡೇಟ್ ತೆಗೆದುಹಾಕಿತು. ಅಂದರೆ ಹೋದದ್ದು ಹೊಸ ಜಾಗಕ್ಕೆ ಸಾಗಿಸಿದ ಕಡತಗಳಲ್ಲ, ಹಳೆಯ ಜಾಗದಲ್ಲೇ ಬಿಟ್ಟವು. ಈ ಉದಾಹರಣೆ ಬೇರ್ಪಡಿಸುವುದರ ವಿರುದ್ಧ ಸಾಕ್ಷಿ ಹೇಳುವುದಿಲ್ಲ. ಅರ್ಧ ಬೇರ್ಪಡಿಸುವುದರ ವಿರುದ್ಧ ಹೇಳುತ್ತದೆ.

"ಎಲ್ಲ ಕ್ಲೌಡಿನಲ್ಲಿದೆ" ಎನ್ನುವವರು ಇನ್ನೊಂದು ಗುಂಪು. ಒನ್‌ಡ್ರೈವಿನಲ್ಲಿ ಪುಕ್ಕಟೆ ಸಿಗುವುದು 5 ಜಿಬಿ. ಒಂದು ಮದುವೆಯ ವಿಡಿಯೋಗೇ ಅದು ಸಾಲದು. ಜೊತೆಗೆ ಸಿಂಕ್ ಎಂದರೆ ನೀವು ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಅಲ್ಲಿನ ರೀಸೈಕಲ್ ಬಿನ್ ಕೆಲವು ದಿನ ಕಾಯುತ್ತದೆ, ಸದಾಕಾಲ ಕಾಯುವುದಿಲ್ಲ. "ಡಿಸ್ಕ್ ತೆಗೆದು ಬೇರೆ ಯಂತ್ರಕ್ಕೆ ಹಾಕಿದರಾಯಿತು" ಎಂಬ ಹಳೆಯ ಧೈರ್ಯವೂ ಈಗ ನಡೆಯದು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಬಹುಪಾಲು ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಅದರ 48 ಅಂಕಿಗಳ ಕೀ ಇಲ್ಲದಿದ್ದರೆ ಅಂಗಡಿಯವನು ಏನೂ ಮಾಡಲಾರ. ಅದನ್ನು ಇವತ್ತೇ ಕಾಗದದಲ್ಲಿ ಬರೆದಿಡಿ.

ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಈ ವಿಷಯ ಇನ್ನೂ ಒಂದು ತೂಕ ಹೆಚ್ಚು. ಯುನಿಕೋಡ್ ಬಳಕೆಗೆ ಬರುವ ಮೊದಲು, ಬಂದ ಮೇಲೂ ಎಷ್ಟೋ ವರ್ಷ, ಕನ್ನಡದ ಬರಹ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪಾಗಿದೆ. ಆ ಫಾಂಟುಗಳು ಕೂತಿರುವುದೂ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ಫಾರ್ಮ್ಯಾಟ್ ಆದರೆ ಅವು ಹೋಗುತ್ತವೆ. ಕಾಚಿಗುಡದ ನಿವೃತ್ತ ಮೇಷ್ಟ್ರೊಬ್ಬರು ಹತ್ತು ವರ್ಷ ಕೂತು ಟೈಪು ಮಾಡಿದ ಪದಪಟ್ಟಿಯ ಕಡತ ಉಳಿದರೂ, ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬುಗಳ ಕಲಸುಮೇಲೋಗರ. ಬೆಂಗಳೂರಿನಲ್ಲಾದರೆ ಪಕ್ಕದ ಡಿಟಿಪಿ ಅಂಗಡಿಯಲ್ಲಿ ಆ ಫಾಂಟು ಸಿಕ್ಕೀತು. ಅಮೀರ್‌ಪೇಟೆಯಲ್ಲಿ ಅದು ಕನ್ನಡ ಎಂದು ಗುರುತಿಸುವವರೂ ಸಿಗುವುದು ಕಷ್ಟ. ಆದ್ದರಿಂದ ಬೇರೆ ಡಿಸ್ಕಿಗೆ ಕಡತ ಸಾಗಿಸುವಾಗ ಅದರ ಫಾಂಟನ್ನೂ ಪಕ್ಕದಲ್ಲೇ ಇಡಬೇಕು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಯುನಿಕೋಡಿಗೆ ತಿರುಗಿಸಿದ ಒಂದು ಪ್ರತಿಯನ್ನೂ ಜೊತೆಗಿಡಬೇಕು.

ಮಾಡುವುದು ಕಷ್ಟವಿಲ್ಲ. ಎರಡನೆಯ ಡಿಸ್ಕಿನಲ್ಲಿ ಫೋಲ್ಡರ್ ಮಾಡಿ. ಅದು ಹೊರಗಿನದಾದರೆ ಕಡತಗಳನ್ನು ನೇರವಾಗಿ ಅಲ್ಲೇ ಉಳಿಸುತ್ತ ಹೋಗಿ. ಒಳಗಿನದಾದರೆ ಡಾಕ್ಯುಮೆಂಟ್ಸ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ತೆರೆದು, ಹೊಸ ಜಾಗ ತೋರಿಸಿ. ಹಳೆಯ ಕಡತಗಳನ್ನೂ ಸಾಗಿಸಲೇ ಎಂದು ಅದು ಕೇಳುತ್ತದೆ. ಹೌದು ಎನ್ನಿ. ಆಮೇಲೆ ಹಳೆಯ ಫೋಲ್ಡರಿಗೆ ಹೋಗಿ ಅದು ಖಾಲಿಯಾಗಿದೆಯೇ ಎಂದು ಕಣ್ಣಾರೆ ನೋಡಿ. 2018ರ ಪಾಠ ಅಷ್ಟೇ.

ಇಷ್ಟಾದರೂ ಬೇರೆ ಇಟ್ಟದ್ದು ಬ್ಯಾಕಪ್ ಆಗುವುದಿಲ್ಲ. ಇದ್ದ ಒಂದೇ ಪ್ರತಿ ಜಾಗ ಬದಲಿಸಿದೆ, ಅಷ್ಟೆ. 2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಸುರಿದ ಮಳೆಗೆ ಬಡಾವಣೆಗಳೇ ಮುಳುಗಿದವು. ಅಂಥ ರಾತ್ರಿ ಮೇಜಿನ ಕೆಳಗಿನ ಸಿಪಿಯುವಿನೊಳಗೆ ಡಿಸ್ಕ್ ಒಂದಿದ್ದರೂ ಎರಡಿದ್ದರೂ ನೆನೆಯುವುದು ಒಟ್ಟಿಗೇ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ, ಅಕ್ಕನ ಮನೆಯೋ ಗೆಳೆಯನ ಮನೆಯೋ, ಇರಬೇಕು. ಕಡತಗಳನ್ನು ಮೊದಲು ಒಂದೆಡೆ ಸೇರಿಸಿದವರಿಗೆ ಈ ಪ್ರತಿ ಮಾಡುವುದು ಒಂದೇ ಫೋಲ್ಡರಿನ ನಕಲಿನಷ್ಟು ಸುಲಭ. ಸಿ ಡ್ರೈವಿನ ತುಂಬ ಚೆಲ್ಲಿಕೊಂಡವರಿಗೆ ಏನನ್ನು ನಕಲು ಮಾಡಬೇಕೆಂಬುದೇ ಗೊತ್ತಾಗುವುದಿಲ್ಲ.

ಕಂಪ್ಯೂಟರ್ ಮಾರುವವರು, ಕಲಿಸುವವರು ಮೊದಲ ದಿನವೇ ಹೇಳಬೇಕಾದ ಮಾತಿದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಪಾಠ ಯಾರಿಗೂ ಬೇಡ. ಅವರು ಹೇಳುವವರೆಗೆ, ಕೊಂಡವರೇ ಡಬ್ಬ ಬಿಚ್ಚಿದ ದಿನ ಕಡತಕ್ಕೊಂದು ಬೇರೆ ಜಾಗ ಮಾಡಿಕೊಳ್ಳಬೇಕು. ವಿಂಡೋಸ್ ಮತ್ತೆ ಸಿಗುತ್ತದೆ. ಅಪ್ಪನ ಧ್ವನಿಯ ರೆಕಾರ್ಡಿಂಗ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.